ಯೂಟ್ಯೂಬಿನ ಕನ್ನಡ ವಿಜ್ಞಾನೋಪನ್ಯಾಸಗಳು: ಅನುಬಂಧಚತುಷ್ಟಯದ ದೃಷ್ಟಿಯಿಂದ ಒಂದು ವಿಮರ್ಶೆ

ಶಾಸ್ತ್ರಗ್ರಂಥವೊಂದನ್ನು ಪಾಠಕ್ಕೆ ತೆಗೆದುಕೊಂಡ ಅಧ್ಯಾಪಕನು ಮೊದಲು ಅದರ ಅನುಬಂಧಚತುಷ್ಟಯವನ್ನು ವಿವರಿಸುವುದು ಸಂಸ್ಕೃತ ಪಾಠಶಾಲೆಗಳ ಸಂಪ್ರದಾಯ. ವಿಷಯವಾವುದು, ಪ್ರಯೋಜನವಾವುದು, ಅವುಗಳಿಗೂ ಗ್ರಂಥಕ್ಕೂ ಇರುವ ಸಂಬಂಧವೆಂತಹುದು, ಇದನ್ನು ಓದತಕ್ಕ ಅಧಿಕಾರಿಯು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕದೆ ಗ್ರಂಥದ ಮೊದಲ ವಾಕ್ಯಕ್ಕೆ ಕೈಹಾಕುವಂತಿಲ್ಲ. ಈ ಕ್ರಮವನ್ನು ಇಂದು ಕನ್ನಡದಲ್ಲಿ ಬಹುಜನರು ಕೇಳುತ್ತಿರುವ ಒಂದು ಬಗೆಯ ಗದ್ಯಕ್ಕೆ, ಎಂದರೆ ಯೂಟ್ಯೂಬ್ ಮೊದಲಾದ ವೇದಿಕೆಗಳಲ್ಲಿ ಪ್ರಕಟವಾಗುವ ವಿಜ್ಞಾನವಿಷಯಕ ವಿಡಿಯೋಗಳಿಗೆ, ಅನ್ವಯಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ವಿದ್ವತ್ಪತ್ರಿಕೆಯಲ್ಲಿ ಇಂತಹ ವಸ್ತುವಿಗೆ ಎಡೆಯುಂಟೆ ಎಂದು ಕೆಲವರು ಶಂಕಿಸಬಹುದು. ಬರೆಹದಲ್ಲಿಲ್ಲದುದು ವಾಙ್ಮಯವಲ್ಲವೆಂಬ ಪಕ್ಷವನ್ನು ಹಿಡಿದರೆ ಹರಿಕಥೆಯೂ, ಪುರಾಣಪ್ರವಚನವೂ, ಯಕ್ಷಗಾನದ ಅರ್ಥಗಾರಿಕೆಯೂ ಹೊರಗುಳಿಯಬೇಕಾಗುತ್ತದೆ. ಅವುಗಳನ್ನು ಒಳಗೆ ಬಿಟ್ಟುಕೊಂಡ ಮೇಲೆ, ಒಬ್ಬನು ಸಾವಿರಾರು ಜನರ ಮುಂದೆ ಒಂದು ಪ್ರಮೇಯವನ್ನು ಎತ್ತಿಕೊಂಡು ಎಂಟು ಹತ್ತು ನಿಮಿಷ ಕನ್ನಡದಲ್ಲಿ ವಿವರಿಸುವ ಈ ಉಪನ್ಯಾಸಗಳನ್ನು ಹೊರಗಿಡಲು ಕಾರಣ ಕಾಣುವುದಿಲ್ಲ. ವಿಮರ್ಶಕರು ಇವುಗಳನ್ನು ಇದುವರೆಗೆ ಗಮನಿಸದಿರುವುದರಿಂದ ನಷ್ಟವಾಗಿರುವುದು ವಿಮರ್ಶಕರಿಗಲ್ಲ, ಕೇಳುವವರಿಗೆ.

ಆ ನಷ್ಟದ ಪ್ರಮಾಣವನ್ನು ತಿಳಿಯುವುದಕ್ಕೆ ಸುರಪುರ ಸೀಮೆಯ ಕಕ್ಕೇರಾ ಪಟ್ಟಣವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಕೃಷ್ಣಾನದಿಗೂ ನಾರಾಯಣಪುರದ ಬಸವಸಾಗರಕ್ಕೂ ಬಹುದೂರವಲ್ಲದ ಈ ಊರು, ೨೦೦೯ರ ಡಿಸೆಂಬರ್ ೩೦ರಂದು ಕಲಬುರಗಿಯಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಗೆ ಸೇರಿದುದು. ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಈ ಜಿಲ್ಲೆಯಿಂದ ತೇರ್ಗಡೆಯಾದವರು ನೂರಕ್ಕೆ ೫೦.೫೯ ಮಾತ್ರ, ರಾಜ್ಯದಲ್ಲಿ ಅದು ಕೊನೆಯ ಸ್ಥಾನ. ೨೦೧೬ರ ಬಳಿಕ ಮೊಬೈಲಿನ ಇಂಟರ್ನೆಟ್ಟು ಅಗ್ಗವಾದುದರಿಂದ ಪುಸ್ತಕಭಂಡಾರವಿಲ್ಲದ ಮನೆಗೂ ವಿಡಿಯೋ ತಲುಪಿದೆ. ಅಲ್ಲಿಯ ಹೈಸ್ಕೂಲಿನ ಹುಡುಗಿಯೊಬ್ಬಳಿಗೆ ಗ್ರಹಣವೆಂದರೇನೆಂದು ಸಂದೇಹ ಹುಟ್ಟಿದರೆ ಅವಳು ಮೊದಲು ಕೇಳುವುದು ಆ ಪರದೆಯನ್ನೇ. ಅಲ್ಲಿ ಅವಳಿಗೆ ದೊರೆಯುವ ಗದ್ಯವು ಎಂತಹುದು ಎಂಬುದು ಭಾಷಾಧ್ಯಾಪಕರು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪ್ರಯತ್ನವು ಹೊಸದಲ್ಲ. ೧೯೧೮ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಸಂಪಾದಕರು ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು. ಪತ್ರಿಕೆ ನಡೆದುದು ಎರಡು ವರ್ಷ. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಪಂಪಭಾರತದ ಪರಿಷ್ಕರಣವನ್ನು ಸಾಹಿತ್ಯ ಪರಿಷತ್ತಿಗಾಗಿ ನಡೆಸಿ ೧೯೩೧ರಲ್ಲಿ ಬೆಳಕಿಗೆ ತಂದವರೂ ಅವರೇ. ಹಳಗನ್ನಡದ ಪಾಠಾಂತರಗಳನ್ನು ತೂಗಿದ ತಕ್ಕಡಿಯಲ್ಲಿಯೇ ವಿಜ್ಞಾನದ ಪರಿಭಾಷೆಯನ್ನೂ ತೂಗಿದುದರಿಂದ ಆ ತಲೆಮಾರಿನ ಗದ್ಯಕ್ಕೆ ಒಂದು ಬಿಗಿ ಬಂದಿತು. ಆದರೆ ಇಲ್ಲಿ ಗಮನಿಸತಕ್ಕ ಸಂಗತಿ ಬೇರೆ. ಅವರಿಗೆ ಅನ್ನ ದೊರೆಯುತ್ತಿದ್ದುದು ಕಾಲೇಜಿನಿಂದ, ಪತ್ರಿಕೆಯಿಂದಲ್ಲ. ಲೇಖನವನ್ನು ಯಾರೂ ಓದದೆ ಬಿಟ್ಟರೂ ತಿಂಗಳ ಕೊನೆಗೆ ಸಂಬಳ ನಿಲ್ಲುತ್ತಿರಲಿಲ್ಲ. ಎಲ್ಲರೂ ಓದಿದರೂ ಹೆಚ್ಚುತ್ತಿರಲಿಲ್ಲ. ೧೯೭೮ರಲ್ಲಿ ಮೊದಲಾದ 'ಬಾಲವಿಜ್ಞಾನ'ದ ಲೇಖಕರಲ್ಲಿ ಅನೇಕರ ಸ್ಥಿತಿಯೂ ಹೀಗೆಯೇ. ಕನ್ನಡದ ವಿಜ್ಞಾನಗದ್ಯವು ಬಹುಮಟ್ಟಿಗೆ ಸಂಬಳವುಳ್ಳವರ ಬಿಡುವಿನ ವೇಳೆಯಲ್ಲಿ ಬೆಳೆದ ಗದ್ಯ. ಶಿವರಾಮ ಕಾರಂತರಂತಹವರು ಇದಕ್ಕೆ ಅಪವಾದ. ಆದರೆ ಅಪವಾದದಿಂದ ಉತ್ಸರ್ಗವು ಬಾಧಿತವಾಗುವುದಿಲ್ಲ.

ಈಗಿನ ವಿಡಿಯೋಕಾರನ ಸ್ಥಿತಿಯು ಇದಕ್ಕೆ ವಿರುದ್ಧವಾದುದು. ಯೂಟ್ಯೂಬಿನವರು ೨೦೦೭ರಲ್ಲಿ ಕರ್ತೃಗಳೊಡನೆ ಜಾಹೀರಾತಿನ ಆದಾಯವನ್ನು ಹಂಚಿಕೊಳ್ಳುವ ಪಾಲುದಾರಿಕೆಯನ್ನು ಆರಂಭಿಸಿದರು. ೨೦೧೮ರಲ್ಲಿ ಗೊತ್ತುಮಾಡಿದ ನಿಬಂಧನೆಯಂತೆ ಆ ಪಾಲು ದೊರೆಯಬೇಕಾದರೆ ೧೦೦೦ ಚಂದಾದಾರರೂ ಹನ್ನೆರಡು ತಿಂಗಳಲ್ಲಿ ೪೦೦೦ ಗಂಟೆಗಳ ವೀಕ್ಷಣೆಯೂ ಇರಬೇಕು. ಕಿರುವಿಡಿಯೋಗಳನ್ನು ಮಾಡುವವರಿಗೆ ೨೦೨೩ರಿಂದ ಬೇರೊಂದು ದಾರಿಯನ್ನು ತೆರೆದಿದ್ದಾರೆ: ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. ದೀರ್ಘವಿಡಿಯೋದ ಜಾಹೀರಾತಿನ ಹಣದಲ್ಲಿ ಕರ್ತೃವಿಗೆ ನೂರಕ್ಕೆ ೫೫; ಕಿರುವಿಡಿಯೋಗಳ ಹಣದಲ್ಲಿ ಅವನ ಪಾಲಿಗೆ ಬಂದ ಭಾಗದ ನೂರಕ್ಕೆ ೪೫. ಇನ್ನು, ಉಪನ್ಯಾಸದ ನಡುವೆ ಜಾಹೀರಾತನ್ನು ಸೇರಿಸಬೇಕಾದರೆ ಅದು ಕನಿಷ್ಠಪಕ್ಷ ಎಂಟು ನಿಮಿಷ ಉದ್ದವಾಗಿರಬೇಕು. ೨೦೨೦ಕ್ಕೆ ಮೊದಲು ಈ ಮಿತಿಯು ಹತ್ತು ನಿಮಿಷವಾಗಿತ್ತು.

ಈ ಎಂಟು ನಿಮಿಷವು ಕನ್ನಡ ಗದ್ಯದ ಇತಿಹಾಸದಲ್ಲಿ ಒಂದು ಹೊಸ ಛಂದಸ್ಸು ಎಂದರೆ ಅತಿಶಯವಾಗಲಾರದು. ವೃತ್ತದಲ್ಲಿ ಅಕ್ಷರ ಸಾಲದಿದ್ದಾಗ ಸಂಸ್ಕೃತಕವಿಯು ಚ, ವೈ, ತು, ಹಿ ಎಂಬ ನಿಪಾತಗಳನ್ನು ಪಾದಪೂರಣಕ್ಕಾಗಿ ತರುತ್ತಾನೆ. ಮೂರು ನಿಮಿಷದಲ್ಲಿ ಮುಗಿಯತಕ್ಕ ವಿಷಯವನ್ನು ಎಂಟಕ್ಕೆ ಎಳೆಯಬೇಕಾದ ಉಪನ್ಯಾಸಕನು ತರುವ ಪಾದಪೂರಣಗಳು ಯಾವುವೆಂದರೆ, 'ಇದನ್ನು ಕೇಳಿದರೆ ನೀವು ಬೆಚ್ಚಿಬೀಳುತ್ತೀರಿ', 'ಕೊನೆಯವರೆಗೂ ನೋಡಿ', 'ಆ ರಹಸ್ಯಕ್ಕೆ ಹೋಗುವ ಮೊದಲು' ಎಂಬ ಬಗೆಯವು. ನಿಪಾತಗಳಾದರೂ ಅರ್ಥವನ್ನು ಕೆಡಿಸುವುದಿಲ್ಲ. ಇವು ಹಾಗಲ್ಲ, ಇವು ಪ್ರಮೇಯದ ಕ್ರಮವನ್ನೇ ತಿರುಗಿಸುತ್ತವೆ. ಶಾಸ್ತ್ರದಲ್ಲಿ ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮವು ಕೇಳುವವನ ಬುದ್ಧಿಯನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುವುದಕ್ಕೆ ಏರ್ಪಟ್ಟಿದೆ. ಇಲ್ಲಿ ಪೂರ್ವಪಕ್ಷವು ಉಬ್ಬುತ್ತದೆ, ಸಿದ್ಧಾಂತವು ಜಾಹೀರಾತಿನ ಆಚೆಗೆ ತಳ್ಳಲ್ಪಡುತ್ತದೆ. ಎಷ್ಟೋ ವೇಳೆ ಅಲ್ಲಿಗೂ ಬಾರದೆ 'ನಿಮ್ಮ ಅಭಿಪ್ರಾಯವೇನು, ಕೆಳಗೆ ತಿಳಿಸಿ' ಎಂಬ ವಾಕ್ಯದಲ್ಲಿ ಲೀನವಾಗುತ್ತದೆ. ನೀರು ನೂರು ಡಿಗ್ರಿಯಲ್ಲಿ ಏಕೆ ಕುದಿಯುತ್ತದೆ ಎಂಬ ಪ್ರಶ್ನೆಗೆ ಕೇಳುಗನ ಅಭಿಪ್ರಾಯದಿಂದ ಏನು ಪ್ರಯೋಜನವೋ ತಿಳಿಯದು.

ಆದರೆ ಹಣಕ್ಕಾಗಿ ಮಾಡುತ್ತಾರೆಂಬುದೇ ದೋಷವೆಂದು ಹೇಳುವುದು ನ್ಯಾಯವಾಗದು. ಕಾವ್ಯದ ಪ್ರಯೋಜನಗಳನ್ನು ಎಣಿಸುವ ಮಮ್ಮಟನು ಕೀರ್ತಿಯ ಬೆನ್ನಿಗೇ ಅರ್ಥವನ್ನು ಇಟ್ಟಿದ್ದಾನೆ. ಹಾಗೆ ಹೇಳಲು ಅವನು ನಾಚಲಿಲ್ಲ. ರಾಜರು ಕೊಟ್ಟ ಅಗ್ರಹಾರಗಳಲ್ಲಿ ಕುಳಿತು ಶಾಸ್ತ್ರ ಹೇಳಿದವರ ಶಿಷ್ಯಪರಂಪರೆಗೆ ಸೇರಿದವರು ಇಂದಿನ ಯುವಕನ ಸಂಪಾದನೆಯನ್ನು ನೋಡಿ ಮೂಗುಮುರಿಯುವುದು ಶೋಭಿಸದು. ಭೇದವಿರುವುದು ದಾನಕ್ಕೂ ಕೂಲಿಗೂ ಅಲ್ಲ, ಹಣವು ಯಾವುದಕ್ಕೆ ಸಂದಾಯವಾಗುತ್ತದೆ ಎಂಬುದರಲ್ಲಿ. ಅಗ್ರಹಾರವು ಸಂದಾಯವಾದುದು ವಿದ್ವಾಂಸನ ವಿದ್ಯೆಗೆ. ಇಲ್ಲಿ ಸಂದಾಯವಾಗುವುದು ನೋಡುವವನು ಕಳೆದ ಹೊತ್ತಿಗೆ. ಹೊತ್ತನ್ನು ಕಳೆದವನಿಗೆ ತಿಳಿಯಿತೋ ಇಲ್ಲವೋ ಎಂಬುದು ಲೆಕ್ಕದ ಯಾವ ಕಲಮಿನಲ್ಲಿಯೂ ಇಲ್ಲ. ಅಧಿಕಾರಿಯ ಲಕ್ಷಣವೂ ಆದಕಾರಣ ತಲೆಕೆಳಗಾಗಿದೆ. ಶಾಸ್ತ್ರದಲ್ಲಿ ಅಧಿಕಾರಿಯನ್ನು ಮೊದಲೇ ಗೊತ್ತುಮಾಡಿ ಅವನ ಶಕ್ತಿಗೆ ತಕ್ಕಂತೆ ಮಾತನ್ನು ಹದಗೊಳಿಸುತ್ತಾರೆ. ವೇದಿಕೆಯಲ್ಲಿ ವಿಡಿಯೋ ಹೊರಟ ಮೇಲೆ ಯಾರು ನಿಂತು ನೋಡುತ್ತಾರೋ ಅವರೇ ಅಧಿಕಾರಿಗಳು, ಅವರಂತಹವರನ್ನು ಇನ್ನಷ್ಟು ಹುಡುಕಿ ತರುವುದು ಅಲ್ಗಾರಿದಮ್ಮಿನ ಕೆಲಸ. (ಈ ಶಬ್ದವು ಒಂಬತ್ತನೆಯ ಶತಮಾನದ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಬಂದುದು. ಭಾರತೀಯ ಸಂಖ್ಯಾಪದ್ಧತಿಯನ್ನು ಅರಬರಿಗೆ ವಿವರಿಸಿದ ಗಣಿತಜ್ಞನ ಹೆಸರು ಇಂತಹ ಕೆಲಸಕ್ಕೆ ಅಂಟಿಕೊಂಡುದು ವಿಧಿಯ ವಿನೋದ.)

ಇದಕ್ಕೆ ಒಂದು ಪ್ರತ್ಯುದಾಹರಣೆಯುಂಟು. ೨೦೨೦ರ ಮಹಾಮಾರಿಯಲ್ಲಿ ಶಾಲೆಗಳು ಮುಚ್ಚಿದಾಗ ಸರ್ಕಾರದವರು ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳನ್ನು ಪ್ರಸಾರಮಾಡಿದರು. ಅವುಗಳಲ್ಲಿ ವಿಷಯವೂ ಅಧಿಕಾರಿಯೂ ಸ್ಪಷ್ಟ: ಇಂತಹ ತರಗತಿ, ಇಂತಹ ಅಧ್ಯಾಯ. ಪಾದಪೂರಣವಿಲ್ಲ, ಬೆದರಿಕೆಯಿಲ್ಲ. ಆದರೆ ರಸವೂ ಇಲ್ಲವೆಂಬುದನ್ನು ಒಪ್ಪಬೇಕು. ಪಾಠಪುಸ್ತಕದ ವಾಕ್ಯವನ್ನು ಓದಿ ಅದನ್ನೇ ಬೇರೆ ಶಬ್ದಗಳಲ್ಲಿ ಹೇಳುವುದು ವ್ಯಾಖ್ಯಾನವಾಗದು. ಸಂಬಳದ ಗದ್ಯಕ್ಕೆ ಜಡತೆಯು ರೋಗ, ವೀಕ್ಷಣೆಯ ಗದ್ಯಕ್ಕೆ ಜ್ವರವು ರೋಗ.

ಜ್ವರವು ಎಷ್ಟು ಏರಬಲ್ಲುದೆಂಬುದಕ್ಕೆ ೨೦೨೪ರ ಡಿಸೆಂಬರಿನ ಸಂಗತಿಯೊಂದನ್ನು ಎತ್ತಿಕೊಳ್ಳಬಹುದು. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕೃಷಿಹೊಂಡವೊಂದಕ್ಕೆ ಸೋಡಿಯಂ ಲೋಹವನ್ನು ಎಸೆದು, ಆಗ ಉಂಟಾದ ಸ್ಫೋಟವನ್ನು ವಿಜ್ಞಾನಪ್ರಯೋಗವೆಂಬ ಹೆಸರಿನಿಂದ ಪ್ರಕಟಿಸಿದ ಪ್ರಸಿದ್ಧ ವಿಡಿಯೋಕಾರರೊಬ್ಬರನ್ನು ಪೊಲೀಸರು ಬಂಧಿಸಿದರು. ನ್ಯಾಯಾಲಯಕ್ಕೆ ಸಂಬಂಧಪಟ್ಟ ಅಂಶವು ಇಲ್ಲಿ ಅಪ್ರಸ್ತುತ. ವಿಮರ್ಶೆಗೆ ಬೇಕಾದುದು ಅದರ ರಚನೆ. ಇಂತಹ ಸ್ಫೋಟವಿಡಿಯೋಗಳಲ್ಲಿ ಅದ್ಭುತರಸವೇ ಪ್ರಧಾನ, ವಿಸ್ಮಯವೇ ಸ್ಥಾಯಿ. ಭರತನು ನಾಟಕದಲ್ಲಿ ಅದ್ಭುತಕ್ಕೆ ನಿಯಮಿಸಿದ ಸ್ಥಾನವು ನಿರ್ವಹಣಸಂಧಿ. ಎಂದರೆ ಬೀಜವು ಬೆಳೆದು ಫಲವಾಗುವಲ್ಲಿ, ಕೊನೆಯಲ್ಲಿ. ಸ್ಫೋಟವಿಡಿಯೋದಲ್ಲಿ ಅದು ಮುಖಸಂಧಿಯಲ್ಲಿಯೇ ಬಂದು ಅಲ್ಲಿಯೇ ಮುಗಿಯುತ್ತದೆ. ಬೆಂಕಿ, ಹೊಗೆ, ಸದ್ದು. ಬಳಿಕ ಹೇಳುವುದೇನೂ ಉಳಿಯುವುದಿಲ್ಲ.

ಹೇಳುವುದು ಇಲ್ಲದಿರಲಿಲ್ಲ. ಸೋಡಿಯಂ ನೀರಿನೊಡನೆ ಕೂಡಿದಾಗ ಸೋಡಿಯಂ ಹೈಡ್ರಾಕ್ಸೈಡೂ ಜಲಜನಕವೂ ಉಂಟಾಗುತ್ತವೆ, ಶಾಖ ಹೊರಡುತ್ತದೆ, ಜಲಜನಕವು ಹತ್ತಿಕೊಳ್ಳುತ್ತದೆ ಎಂಬುದು ಪಾಠಪುಸ್ತಕದ ಮಾತು. ಇದರಲ್ಲಿ ಒಂದು ತೊಡಕಿದೆ. ಲೋಹದ ಮೈಯಲ್ಲಿ ಹುಟ್ಟಿದ ಅನಿಲವು ಲೋಹವನ್ನು ನೀರಿನಿಂದ ಬೇರ್ಪಡಿಸುವ ತೆರೆಯಾಗಬೇಕು. ಆಗ ಕ್ರಿಯೆಯು ನಿಧಾನವಾಗಬೇಕಲ್ಲದೆ ಸಿಡಿಯಬಾರದು. ಹಾಗಾದರೆ ಸಿಡಿಯುವುದೇಕೆ? ಪ್ರಾಗ್ ನಗರದಲ್ಲಿ ಪಾವೆಲ್ ಯುಂಗ್‌ವಿರ್ತ್ ಎಂಬವರೂ ಫಿಲಿಪ್ ಮೇಸನ್ ಎಂಬವರೂ ತಮ್ಮ ಸಂಗಡಿಗರೊಡನೆ ಸೋಡಿಯಂ ಪೊಟಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬೀಳಿಸಿ ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿದರು. ಹನಿಯು ನೀರನ್ನು ಮುಟ್ಟಿ ಮಿಲಿಸೆಕೆಂಡಿನ ಅಲ್ಪಾಂಶವೂ ಕಳೆಯದೆ ಅದರ ಮೈಯಿಂದ ಮುಳ್ಳುಗಳು ಹೊರಚಿಮ್ಮಿದುವು. ಎಲೆಕ್ಟ್ರಾನುಗಳು ಲೋಹವನ್ನು ಬಿಟ್ಟು ನೀರಿಗೆ ಓಡಿಹೋಗುತ್ತಲೇ ಉಳಿದ ಧನವಿದ್ಯುತ್ಕಣಗಳು ಒಂದನ್ನೊಂದು ನೂಕಿ ಹನಿಯನ್ನು ಸಿಡಿಸುತ್ತವೆ, ಹೊಸ ಹೊಸ ಮೈ ನೀರಿಗೆ ತಾಗುತ್ತದೆ ಎಂದು ಅವರು ೨೦೧೫ರಲ್ಲಿ ಪ್ರಕಟಿಸಿದರು. ಈ ಮೇಸನ್ ಎಂಬವರು ಯೂಟ್ಯೂಬಿನಲ್ಲಿ ವಿಜ್ಞಾನದ ವಿಡಿಯೋಗಳನ್ನು ಮಾಡುವವರೂ ಹೌದು. ಮಧುಗಿರಿಯಲ್ಲಿಯೂ ಪ್ರಾಗಿನಲ್ಲಿಯೂ ಲೋಹ ನೀರು ಕ್ಯಾಮೆರಾ ಎಂಬ ಸಾಮಗ್ರಿ ಒಂದೇ ಜಾತಿಯದು, ವೃತ್ತಿಯೂ ಒಂದೇ ಬಗೆಯದು. ಒಂದು ಕ್ಯಾಮೆರಾದ ಮುಂದೆ ಪ್ರಶ್ನೆಯಿತ್ತು. ಆದಕಾರಣ ವೇದಿಕೆಯೇ ವಿದ್ಯೆಗೆ ಶತ್ರುವೆಂಬ ವಾದವು ನಿಲ್ಲಲಾರದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವರ್ಗವಿದೆ. ಅದರ ವಿಮರ್ಶೆಯು ಸಂಸ್ಕೃತಜ್ಞರಿಗೇ ಸೇರಿದ ಹೊಣೆ. ಪ್ರಾಚೀನರಿಗೆ ವಿಮಾನವಿದ್ಯೆಯು ತಿಳಿದಿತ್ತೆಂದು ಸಾರುವ ವಿಡಿಯೋಗಳು ಸಾಮಾನ್ಯವಾಗಿ ಭರದ್ವಾಜಮಹರ್ಷಿಯ ಹೆಸರಿನಲ್ಲಿರುವ ವೈಮಾನಿಕಶಾಸ್ತ್ರವನ್ನು ಪ್ರಮಾಣವಾಗಿ ಹೇಳುತ್ತವೆ. ಆ ಗ್ರಂಥವು ಕರ್ನಾಟಕದ್ದೇ. ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು ಅದನ್ನು ೧೯೧೮ರಿಂದ ೧೯೨೩ರವರೆಗೆ ಹೇಳಿ ಬರೆಯಿಸಿದರು. ಬೆಳ್ಳಾವೆಯವರ 'ವಿಜ್ಞಾನ' ಹೊರಟ ವರ್ಷವೂ ೧೯೧೮ ಎಂಬುದನ್ನು ನೆನೆದರೆ ಒಂದೇ ಸೀಮೆಯ ಒಂದೇ ಕಾಲದ ಎರಡು ದಾರಿಗಳು ಕಣ್ಣಿಗೆ ಕಟ್ಟುತ್ತವೆ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಕುಂದ, ದೇಶಪಾಂಡೆ ಮೊದಲಾದ ಐವರು ಅದನ್ನು ಪರಿಶೀಲಿಸಿ, ಗ್ರಂಥವು ೧೯೦೪ಕ್ಕಿಂತ ಹಿಂದಿನದಾಗಲಾರದೆಂದೂ, ಅಲ್ಲಿ ವರ್ಣಿತವಾದ ಯಂತ್ರಗಳು ಹಾರಲಾರವೆಂದೂ ನಿರ್ಣಯಿಸಿದರು. ಭಾಷೆಯ ನವೀನತೆಯನ್ನೂ ಅವರು ಎತ್ತಿ ತೋರಿಸಿದರು. ಸಂಸ್ಕೃತಕಾಲೇಜುಗಳಿಂದ ಮೊದಲೇ ಬರಬೇಕಾಗಿದ್ದ ಈ ಮಾತು ಇಂಜಿನಿಯರರಿಂದ ಬಂದುದು ನಾಚಿಕೆಯ ಸಂಗತಿ. ಐವತ್ತು ವರ್ಷಗಳಾದ ಮೇಲೆಯೂ ವಿಡಿಯೋಗಳಲ್ಲಿ ಈ ನಿರ್ಣಯದ ಸುದ್ದಿಯು ಅಪರೂಪ. ಕಾರಣವು ದುರ್ಬುದ್ಧಿಯೇ ಆಗಬೇಕೆಂದಿಲ್ಲ. 'ಋಷಿಗಳಿಗೆ ವಿಮಾನ ಗೊತ್ತಿತ್ತು' ಎಂಬ ಶೀರ್ಷಿಕೆಗೆ ನಿಲ್ಲುವವರು ಹೆಚ್ಚು, 'ಗೊತ್ತಿರಲಿಲ್ಲ' ಎಂಬುದಕ್ಕೆ ಕಡಮೆ. ಹೊಟ್ಟೆಪಾಡು ಆ ಭೇದದ ಮೇಲೆ ನಿಂತಿದೆ. ನಿಜವಾಗಿ ಪ್ರಾಚೀನವಾದ ವಿದ್ಯೆಗೆ ಇದರಿಂದಾಗುವ ಅಪಕಾರವು ಅಲ್ಪವಲ್ಲ. ಶಂಕುಚ್ಛಾಯೆಯಿಂದ ದಿಕ್ಕನ್ನೂ ಅಕ್ಷಾಂಶವನ್ನೂ ಸಾಧಿಸುವ ಸಿದ್ಧಾಂತಗ್ರಂಥಗಳ ವಿಧಾನವು ಇಂದಿಗೂ ಪರೀಕ್ಷೆಗೆ ನಿಲ್ಲುತ್ತದೆ. ಅದನ್ನು ಯಾರೂ ರಹಸ್ಯವೆನ್ನುವುದಿಲ್ಲ, ಆದುದರಿಂದ ಯಾರೂ ತೋರಿಸುವುದೂ ಇಲ್ಲ.

ಕಕ್ಕೇರಾದ ಮಾತಿಗೆ ಇಲ್ಲಿ ಹಿಂದಿರುಗಬೇಕಾಗಿದೆ. ಆ ಊರು ೧೬ನೆಯ ಮತ್ತು ೧೭ನೆಯ ಅಕ್ಷಾಂಶಗಳ ನಡುವೆ ಇರುವುದರಿಂದ ಮೇ ತಿಂಗಳ ಮೊದಲ ವಾರದ ಸುಮಾರಿಗೆ ಒಮ್ಮೆ, ಆಗಸ್ಟಿನ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಬಂದು, ನೆಟ್ಟ ಕೋಲಿನ ನೆರಳು ಕಾಲಡಿಯಲ್ಲಿ ಅಡಗುತ್ತದೆ. ಬೆಂಗಳೂರಿನಲ್ಲಿ ಇದೇ ಸಂಗತಿ ಏಪ್ರಿಲ್ ೨೪ರ ಸುಮಾರಿಗೂ ಆಗಸ್ಟ್ ೧೮ರ ಸುಮಾರಿಗೂ ನಡೆಯುತ್ತದೆ. ಎರಡು ಊರುಗಳ ದಿನಗಳು ಏಕೆ ಬೇರೆ ಎಂಬ ಒಂದೇ ಪ್ರಶ್ನೆಯಿಂದ ಭೂಮಿಯು ಗೋಲವೆಂಬುದೂ, ಅದರ ಅಕ್ಷವು ಓರೆಯೆಂಬುದೂ ಹೊರಬೀಳುತ್ತವೆ. ಖರ್ಚು ಒಂದು ಕೋಲು. ಅದೇ ರೀತಿ ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬೃಹಚ್ಛಿಲೆಗಳಿಗೂ ಸೂರ್ಯನ ಅಯನಗತಿಗೂ ಸಂಬಂಧವುಂಟೆ ಎಂಬುದನ್ನು ಖಗೋಳಜ್ಞರು ಅಳೆದು ನೋಡಿದ್ದಾರೆ. ಹುಣಸಗಿಯ ಸಮೀಪದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದುದು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಶಿಲಾಯುಗದ ಕಾರ್ಖಾನೆಯನ್ನು. ಅಲ್ಲಿ ಸಿಕ್ಕಿದ ಪ್ರಾಣಿದಂತಗಳನ್ನು ಪರೀಕ್ಷಿಸಿ ಅದರ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷವೆಂದು ಎಣಿಸಿದ್ದಾರೆ. ಮಣ್ಣಿನೊಳಗಿನ ವಿಕಿರಣವು ಹಲ್ಲಿನ ಕವಚದಲ್ಲಿ ಎಲೆಕ್ಟ್ರಾನುಗಳನ್ನು ವರ್ಷವರ್ಷವೂ ಸೆರೆಹಿಡಿಸುತ್ತ ಹೋಗುತ್ತದೆ. ಸೆರೆಯಾದುದನ್ನು ಎಣಿಸಿದರೆ ಕಾಲ ತಿಳಿಯುತ್ತದೆ. ಇದರಲ್ಲಿ ಅದ್ಭುತಕ್ಕೆ ಕೊರತೆಯೇನು? ಇರುವುದು ನಿರ್ವಹಣಸಂಧಿಯಲ್ಲಿ, ಅಲ್ಲಿಯವರೆಗೆ ಕೇಳುವವನನ್ನು ಕೈಹಿಡಿದು ನಡೆಸಬೇಕು. ಅದು ಗದ್ಯದ ಶಕ್ತಿಯಿಂದ ಆಗತಕ್ಕ ಕೆಲಸ.

ಭಾಷೆಯ ವಿಷಯದಲ್ಲಿ ಪಂಡಿತರು ಮಾಡುವ ಆಕ್ಷೇಪಣೆಗೆ ಮಾತ್ರ ಇಲ್ಲಿ ಎಡೆ ಕಡಮೆ. ಯಾದಗಿರಿ ಕಡೆಯ ಮಾತಿನಲ್ಲಿ, ಉರ್ದು ತೆಲುಗುಗಳ ಬೆರಕೆಯೊಡನೆಯೇ, ವಿಜ್ಞಾನವನ್ನು ಹೇಳುವ ಧೈರ್ಯವು ಅಚ್ಚಿನ ಪತ್ರಿಕೆಗಳಿಗೆ ನೂರು ವರ್ಷಗಳಲ್ಲಿ ಬರಲಿಲ್ಲ, ವಿಡಿಯೋಕಾರರಿಗೆ ಬಂದಿದೆ. ಆಮ್ಲಜನಕವೆನ್ನದೆ ಆಕ್ಸಿಜನ್ ಎಂದರೆ ಕೋಪಿಸಿಕೊಳ್ಳುವವರು, ಎಲ್ಲ ಆಮ್ಲಗಳಿಗೂ ಅದೇ ಕಾರಣವೆಂಬ ಲವಾಸಿಯೇನ ತಪ್ಪೆಣಿಕೆಯು ಎರಡು ಶಬ್ದಗಳಲ್ಲಿಯೂ ಸಮಾನವಾಗಿ ಅಡಗಿದೆಯೆಂಬುದನ್ನು ನೆನೆಯಬೇಕು. ಜಲಜನಕವೆಂಬುದಾದರೋ ನಿರ್ದುಷ್ಟವಾದ ಶಬ್ದ. ನಿಜವಾದ ಭಾಷಾದೋಷವಿರುವುದು ಹಿಂದಿಯ ಅಥವಾ ಇಂಗ್ಲಿಷಿನ ವಿಡಿಯೋವನ್ನು ವಾಕ್ಯವಾಕ್ಯವಾಗಿ ತರ್ಜುಮೆ ಮಾಡಿದ ಉಪನ್ಯಾಸಗಳಲ್ಲಿ. ಅಲ್ಲಿ ದೃಷ್ಟಾಂತಕ್ಕೆ ಹಿಮ ಬೀಳುತ್ತದೆ, ಕೃಷ್ಣೆಯ ಕಾಲುವೆ ಹರಿಯುವುದಿಲ್ಲ. ಕನ್ನಡದ ವೀಕ್ಷಣೆಗೆ ಜಾಹೀರಾತುದಾರರು ಕೊಡುವ ಬೆಲೆಯು ಧನಿಕದೇಶಗಳ ಇಂಗ್ಲಿಷ್ ವೀಕ್ಷಣೆಗೆ ಕೊಡುವುದಕ್ಕಿಂತ ಬಹಳ ಕಡಮೆ. ವಾರಕ್ಕೆ ಮೂರು ವಿಡಿಯೋ ಹೊರಡಿಸಬೇಕಾದವನಿಗೆ ಇಸಾಂಪುರಕ್ಕೆ ಹೋಗಿಬರುವ ಬಿಡುವೆಲ್ಲಿಯದು? ತರ್ಜುಮೆಯು ಸೋಮಾರಿತನದ ಫಲವಲ್ಲ, ದರದ ಫಲ.

ಇಂತಹ ಉಪನ್ಯಾಸಗಳನ್ನು ಪತ್ರಿಕೆಗಳು ಪುಸ್ತಕಗಳಂತೆಯೇ ಹೆಸರು ಹೇಳಿ ವಿಮರ್ಶಿಸತೊಡಗಿದರೆ, ಅಧ್ಯಾಪಕರು ಒಳ್ಳೆಯದನ್ನು ಆರಿಸಿ ತರಗತಿಗೆ ಹೇಳಿದರೆ, ಅಷ್ಟರಮಟ್ಟಿಗೆ ವೀಕ್ಷಣೆಯ ಲೆಕ್ಕವೂ ಬದಲಾಗುವುದು ಸಾಧ್ಯ. ಆದರೆ ಆ ಕಾರ್ಯಕ್ಕೆ ಪಾಠಪರಿಷ್ಕರಣದ ತೊಡಕೊಂದು ಅಡ್ಡಬರುತ್ತದೆ. ಒಮ್ಮೆ ಏರಿಸಿದ ವಿಡಿಯೋವನ್ನು ಅದೇ ಸ್ಥಾನದಲ್ಲಿ ಬೇರೊಂದರಿಂದ ಬದಲಾಯಿಸಲಾಗದು, ಕತ್ತರಿಸಬಹುದು. ಶೀರ್ಷಿಕೆಯನ್ನೂ ಮುಖಚಿತ್ರವನ್ನೂ ಮಾತ್ರ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ೨೦೨೪ರಿಂದೀಚೆಗೆ ಕರ್ತೃವು ಒಂದೇ ವಿಡಿಯೋಗೆ ಮೂರು ಮುಖಚಿತ್ರಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಯಾವುದಕ್ಕೆ ಹೆಚ್ಚು ಹೊತ್ತು ನಿಂತರೋ ಅದನ್ನು ಉಳಿಸಿಕ್ಕೊಳ್ಳುವ ಅನುಕೂಲವೂ ಬಂದಿದೆ. ಹೀಗಿರಲಾಗಿ ಕಕ್ಕೇರಾದ ವಿದ್ಯಾರ್ಥಿನಿಯು ನೋಡಿದ ಶೀರ್ಷಿಕೆಯೂ ವಿಮರ್ಶಕನು ನೋಡಿದ ಶೀರ್ಷಿಕೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಪ್ರತಿಯ ಕಾಲವನ್ನೂ, ನೋಡಿದ ದಿನವನ್ನೂ, ಅಂದು ಇದ್ದ ಶೀರ್ಷಿಕೆಯನ್ನೂ, ಒಟ್ಟು ಉದ್ದವನ್ನೂ ಗುರುತುಹಾಕಿಕೊಳ್ಳದೆ ಬರೆದ ವಿಮರ್ಶೆಯು ಕೆಲವೇ ದಿನಗಳಲ್ಲಿ ಆಧಾರವಿಲ್ಲದ ವ್ಯಾಖ್ಯಾನವಾಗಬಹುದು. ಎರಡೇ ವರ್ಷ ನಡೆದ 'ವಿಜ್ಞಾನ'ದ ಸಂಚಿಕೆಗಳಲ್ಲಿ ಅಚ್ಚಾದ ತಪ್ಪುಗಳು ಸಹ ಅಚ್ಚಾದಂತೆಯೇ ಉಳಿದಿವೆ.